ದೋಣಿಯಲ್ಲಿ ಎಂಟು ಜನ

ಕೂಸೇ, ವಾದದಲ್ಲಿ ನಿನ್ನ ಪಕ್ಷ ಸರಿ. ನಾಲ್ಕೂ ಚಿಲ್ಲರೆ ಸಾವಿರ ವರ್ಷಗಳ ಹಿಂದೆ ಮನುಷ್ಯಕುಲವೆಲ್ಲ ಎಂಟು ಜನಕ್ಕೆ ಇಳಿದಿತ್ತು ಅನ್ನುವುದಕ್ಕೆ ನಮ್ಮ ರಕ್ತದಲ್ಲಿ ಸಾಕ್ಷಿ ಇಲ್ಲ. ಇಳಿದಿರಲಿಲ್ಲ ಅನ್ನುವುದಕ್ಕೆ ಬೇಕಾದಷ್ಟಿದೆ. ಆದರೆ ನೀನು ಕೊಟ್ಟ ಕಾರಣ ಅರ್ಧ ತಪ್ಪು, ಅದನ್ನು ಹೇಳಿದ ಜಾಗ ಪೂರ್ತಿ ತಪ್ಪು. ಎರಡನ್ನೂ ಬಿಡಿಸಿ ಹೇಳೋಣ ಅಂತ ಈ ಕಾಗದ. ಫೋನಿನಲ್ಲಾದರೆ ನಿನ್ನ ಅಜ್ಜಿ ನಡುವೆ ಬಾಯಿ ಹಾಕುತ್ತಾಳೆ.

ಸಿನ್ಸಿನಾಟಿಯಲ್ಲಿ ಓದುವವರಿಗೆ ಕೆಂಟಕಿಯ ವಿಲಿಯಮ್ಸ್‌ಟೌನ್ ಹತ್ತಿರದ ಊರು. 2016ರಲ್ಲಿ ಅಲ್ಲಿ ತೆರೆದ, ಬೈಬಲಿನ ಪ್ರಳಯಕಥೆಯ ನೋಹನ ನಾವೆಯ 510 ಅಡಿ ಉದ್ದದ ಮರದ ಪ್ರತಿರೂಪವನ್ನು ತೋರಿಸಲು ಗೆಳತಿಯ ಮನೆಯವರು ನಿನ್ನನ್ನು ಕರೆದುಕೊಂಡು ಹೋದರು. ಕಾರು ಅವರದು, ಟಿಕೆಟ್ಟು ಅವರದು, ಊಟವೂ ಅವರದು. ಅದರ ಎದುರಿಗೇ ನಿಂತು ಆ ಹುಡುಗಿಯ ತಾಯಿಗೆ, ನಾವೆಯಲ್ಲಿ ಉಳಿದ ಎಂಟೇ ಜನರಿಂದ ಹುಟ್ಟಿದ್ದರೆ ನಾವೆಲ್ಲ ರೋಗ ಹಿಡಿದು ಎಂದೋ ನಿರ್ನಾಮ ಆಗಬೇಕಿತ್ತು ಅಂದೆಯಂತೆ. ಅವರು ನಕ್ಕು ಸುಮ್ಮನಾದರಂತೆ. ಗೆದ್ದೆ ಅಂದುಕೊಂಡು ನನಗೆ ಸಂದೇಶ ಕಳಿಸಿದೆ.

ಗೆದ್ದಿಲ್ಲ. ಸೀವಾಲ್ ರೈಟ್ 1931ರಲ್ಲಿ ಬರೆದಿಟ್ಟ ಸೂತ್ರ ನಿನಗೆ ಬಾಯಿಪಾಠ ಇರಬೇಕು. ಸಂತಾನ ಪಡೆಯುವವರ ಸಂಖ್ಯೆಯನ್ನು ಇಮ್ಮಡಿ ಮಾಡಿ, ಅದರಿಂದ ಒಂದನ್ನು ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಪಾಲು ವೈವಿಧ್ಯ ಒಂದು ತಲೆಮಾರಿನಲ್ಲಿ ಕಳೆದುಹೋಗುತ್ತದೆ. ಎಂಟು ಜನ ಅಂದರೆ ಹದಿನಾರರಲ್ಲಿ ಒಂದು ಪಾಲು. ನೋಹನ ಮೂವರು ಗಂಡುಮಕ್ಕಳ ರಕ್ತವೆಲ್ಲ ಅಪ್ಪ-ಅಮ್ಮನದೇ ಆದ್ದರಿಂದ ನಷ್ಟ ಇನ್ನಷ್ಟು. ಮೂರು ಸಂಸಾರಗಳೂ ಸಮನಾಗಿ ಬೆಳೆದವು ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದರೆ ಎಂಟನೆಯ ಒಂದು ಪಾಲಿನಷ್ಟು ಬಂತು. ಅಂದರೆ ಎಂಟರಲ್ಲಿ ಏಳು ಪಾಲು ಉಳಿದೇ ಉಳಿಯುತ್ತದೆ. ಆಮೇಲೆ ಸಂತತಿ ಬೇಗ ಬೇಗ ಹೆಚ್ಚಿದರೆ ಮುಂದಿನ ನಷ್ಟ ಅಲ್ಪ. ಮಸಾತೋಷಿ ನೇಯಿ, ಮರುಯಾಮ ಮತ್ತು ನಮ್ಮ ರಣಜಿತ್ ಚಕ್ರವರ್ತಿ ಇದನ್ನು 1975ರಲ್ಲೇ ತೋರಿಸಿದ್ದಾರೆ. ಅಂಥ ಇಕ್ಕಟ್ಟು ದಾಟಿಯೂ ಬದುಕಿ ಬಾಳಿದ ಪ್ರಾಣಿಗಳಿವೆ. ಆ ತಾಯಿಯ ಜಾಗದಲ್ಲಿ ಒಬ್ಬ ಓದಿಕೊಂಡ ಪಾದ್ರಿ ಇದ್ದಿದ್ದರೆ ನಿನ್ನ ಬಾಯಿ ಕಟ್ಟಿಹೋಗುತ್ತಿತ್ತು.

ನಿಲ್ಲುವ ಮಾತು 1975ರ ಅದೇ ಪ್ರಬಂಧದ ಇನ್ನೊಂದು ಅರ್ಧದಲ್ಲಿದೆ. ಇಕ್ಕಟ್ಟಿನಲ್ಲಿ ಸರಾಸರಿ ವೈವಿಧ್ಯ ಬಹುಪಾಲು ಉಳಿದರೂ, ಒಂದೊಂದು ಜೀನಿಗೂ ಎಷ್ಟು ಬಗೆಗಳಿವೆ ಅನ್ನುವ ಎಣಿಕೆ ಧಡಕ್ಕನೆ ಕುಸಿಯುತ್ತದೆ. ನಾವೆಯಲ್ಲಿ ಇದ್ದವರನ್ನು ಎಣಿಸು. ನೋಹನಲ್ಲಿ ಎರಡು ಪ್ರತಿ, ಅವನ ಹೆಂಡತಿಯಲ್ಲಿ ಎರಡು, ಮೂವರು ಸೊಸೆಯರಲ್ಲಿ ಆರು. ಒಟ್ಟು ಹತ್ತು. ಯಾವ ಜೀನೇ ಆಗಲಿ, ನಾವೆಯಿಂದ ಇಳಿದದ್ದು ಹತ್ತು ಬಗೆಗಿಂತ ಹೆಚ್ಚಿರಲು ಸಾಧ್ಯವೇ ಇಲ್ಲ. ಮೂತ್ರಪಿಂಡ ಕಸಿ, ಅಸ್ಥಿಮಜ್ಜೆ ಕಸಿ ಅಂತ ಆಸ್ಪತ್ರೆ ಅಲೆದ ಮನೆಯವರಿಗೆಲ್ಲ ಎಚ್‌ಎಲ್‌ಎ ಅನ್ನುವ ಹೆಸರು ಗೊತ್ತು. ಒಡಹುಟ್ಟಿದವರಲ್ಲೇ ಹೊಂದದೆ, ಊರೂರು ಹುಡುಕಿಸಿ, ಸಿಗದೆ ಅತ್ತವರನ್ನು ನಾನು ಕಂಡಿದ್ದೇನೆ. ಅದು ಹೊಂದದಿರುವುದು ಬಗೆಗಳು ಅಷ್ಟೊಂದು ಇರುವುದರಿಂದ. ಎಚ್‌ಎಲ್‌ಎ-ಬಿ ಎಂಬ ಒಂದೇ ಜೀನಿನಲ್ಲಿ ಸಾವಿರಾರು ಬಗೆ ದಾಖಲಾಗಿವೆ. ಸಣ್ಣ ವ್ಯತ್ಯಾಸದವನ್ನೆಲ್ಲ ಒಟ್ಟು ಸೇರಿಸಿ ದೊಡ್ಡ ಗುಂಪು ಮಾಡಿದರೂ ಮೂವತ್ತು ದಾಟುತ್ತವೆ. ಕೆಲವಂತೂ ಎಷ್ಟು ಹಳೆಯವು ಅಂದರೆ, ಪಕ್ಕದ ಮನೆಯವನದಕ್ಕಿಂತ ಚಿಂಪಾಂಜಿಯದಕ್ಕೆ ಹೆಚ್ಚು ಹತ್ತಿರ.

ಹತ್ತರಿಂದ ಆಮೇಲೆ ಹುಟ್ಟಿಕೊಂಡಿರಬಹುದಲ್ಲ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 17ನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಪ್ರಳಯವನ್ನು ಕ್ರಿ.ಪೂ. 2348ರ ಸುಮಾರಿಗೆ ತಂದು ನಿಲ್ಲಿಸಿದ. ಈಗಲೂ ಅಕ್ಷರಶಃ ನಂಬುವವರು ಅದರ ಆಸುಪಾಸಿನಲ್ಲೇ ಇದ್ದಾರೆ. ತಲೆಮಾರಿಗೆ 25 ವರ್ಷ ಹಿಡಿದರೆ ಇಂದಿಗೆ 175 ತಲೆಮಾರು. ಪ್ರತಿ ಮಗುವೂ ಅಪ್ಪ-ಅಮ್ಮನಲ್ಲಿ ಇಲ್ಲದ 60–70 ಹೊಸ ಬದಲಾವಣೆಗಳನ್ನು ಹೊತ್ತು ಹುಟ್ಟುತ್ತದೆ. ಒಂದು ಪ್ರತಿಗೆ 35 ಅನ್ನು. ಎರಡು ಕವಲು ತಲಾ 175 ತಲೆಮಾರು ನಡೆದು ಬಂದರೆ ಅವುಗಳ ನಡುವೆ ಹೊಸದಾಗಿ ಹುಟ್ಟಬಹುದಾದ ವ್ಯತ್ಯಾಸ 12 ಸಾವಿರದಷ್ಟು. ನಿನ್ನೊಳಗೆ ಅಪ್ಪ ಕೊಟ್ಟ ಪ್ರತಿಗೂ ಅಮ್ಮ ಕೊಟ್ಟ ಪ್ರತಿಗೂ ಇರುವ ವ್ಯತ್ಯಾಸ 20 ಲಕ್ಷಕ್ಕೂ ಮೇಲೆ.

ಅಷ್ಟನ್ನೂ ದೇವರು ಮೊದಲೇ ತುಂಬಿಟ್ಟು ಸೃಷ್ಟಿಸಿದ್ದ ಅನ್ನುವವರೂ ಇದ್ದಾರೆ. ಸರಿ, ಹಾಗೇ ಇರಲಿ. ಪ್ರತಿ ತಲೆಮಾರಿನಲ್ಲಿ ಒಂದೊಂದು ಕ್ರೋಮೋಸೋಮೂ ಒಂದೆರಡು ಕಡೆ ಕಡಿದು ಬೇರೆ ಪ್ರತಿಯೊಂದಿಗೆ ಕೂಡಿಕೊಳ್ಳುತ್ತದೆ. ಇಷ್ಟೇ ತಲೆಮಾರುಗಳಲ್ಲಿ ಆ ಹತ್ತು ಮೂಲಪ್ರತಿಗಳು ಡಿಎನ್‌ಎಯ ಲಕ್ಷಗಟ್ಟಲೆ ಅಕ್ಷರ ಉದ್ದದ ತುಂಡುಗಳಾಗಿ ನಮ್ಮಲ್ಲಿ ಉಳಿದಿರಬೇಕು. ಆಫ್ರಿಕದ ಜನರಲ್ಲಿ ಅಂಥ ಅಖಂಡ ತುಂಡುಗಳ ಉದ್ದ ಹತ್ತು ಸಾವಿರ ಅಕ್ಷರದ ಆಸುಪಾಸು. ಅಷ್ಟು ಸಣ್ಣದಾಗಿ ಕಡಿಯಲು ಸಾವಿರಾರು ತಲೆಮಾರು ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇದೇ. ಇಲ್ಲಿ ಬದಲಾವಣೆಯ ವೇಗ ಎಷ್ಟು ಅನ್ನುವ ತಕರಾರೇ ಏಳುವುದಿಲ್ಲ.

ಆ ವೇಗದ ತಕರಾರನ್ನೂ ಒಂದು ಮೂಳೆ ಮುಗಿಸಿತು ಅನ್ನು. ಸೈಬೀರಿಯದ ಉಸ್ತ್-ಇಶಿಮ್‌ನಲ್ಲಿ ನದಿದಂಡೆಯಲ್ಲಿ ಸಿಕ್ಕ ತೊಡೆಮೂಳೆಗೆ 45 ಸಾವಿರ ವರ್ಷ. ಅದರ ಪೂರ್ತಿ ಡಿಎನ್‌ಎಯನ್ನು 2014ರಲ್ಲಿ ಓದಿದರು. ಸತ್ತವನಲ್ಲಿ ಗಡಿಯಾರ ನಿಂತುಹೋಗಿರುತ್ತದೆ. ಅವನಿಗೂ ನಮಗೂ ನಡುವೆ ಎಷ್ಟು ಬದಲಾವಣೆ ಕಡಿಮೆ ಬಿದ್ದಿದೆ ಎಂದು ಎಣಿಸಿದರೆ ವೇಗ ತಾನಾಗಿ ಸಿಗುತ್ತದೆ. ಅದು ಈಗಿನ ಕುಟುಂಬಗಳಲ್ಲಿ ಅಳೆದ ವೇಗಕ್ಕೆ ಹೊಂದುವಂತೆಯೇ ಬಂತು. ಒಬ್ಬನೇ ವ್ಯಕ್ತಿಯ ಎರಡು ಪ್ರತಿಗಳನ್ನು ಹೋಲಿಸಿ ಪೂರ್ವಿಕರ ಸಂಖ್ಯೆಯ ಏರಿಳಿತ ಓದುವ ವಿಧಾನವನ್ನು ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ 2011ರಲ್ಲಿ ಕೊಟ್ಟರು. ಅದರಲ್ಲಿ ಇಕ್ಕಟ್ಟು ಕಾಣುತ್ತದೆ, ಸುಳ್ಳಲ್ಲ. ಆಫ್ರಿಕದಿಂದ ಹೊರಬಿದ್ದವರ ಸಂಖ್ಯೆ ಬಹಳ ಇಳಿದಿತ್ತು. ಆದರೆ ಅಲ್ಲೂ ಲೆಕ್ಕ ಸಾವಿರದ್ದು, ಕಾಲ ಹತ್ತಾರು ಸಾವಿರ ವರ್ಷ ಹಿಂದಿನದು.

ನಿಜವಾದ ಇಕ್ಕಟ್ಟು ದಾಟಿದ ಪ್ರಾಣಿ ಹೇಗಿರುತ್ತದೆ ಅಂತ ನೋಡಬೇಕಾದರೆ ಚೀತಾ ನೋಡು. 2022ರಲ್ಲಿ ನಮೀಬಿಯದಿಂದ ಕುನೋಗೆ ಬಂತಲ್ಲ, ಅದೇ. 1985ರಲ್ಲಿ ಸ್ಟೀಫನ್ ಒಬ್ರಿಯನ್ ತಂಡದವರು ಒಂದು ಚೀತಾದ ಚರ್ಮವನ್ನು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿದರೆ ಅದರ ಮೈ ಪರಕೀಯ ಎಂದು ತಳ್ಳಲಿಲ್ಲ. ಕ್ಯಾಲಿಫೋರ್ನಿಯ, ಮೆಕ್ಸಿಕೊ ಕರಾವಳಿಯ ಆನೆ ಸೀಲ್‌ಗಳನ್ನು 19ನೆಯ ಶತಮಾನದಲ್ಲಿ ಎಣ್ಣೆಗಾಗಿ ಕೊಂದು ಕೊಂದು ಬೆರಳೆಣಿಕೆಗೆ ತಂದರು. ಈಗ ಲಕ್ಷ ದಾಟಿವೆ. 1974ರಲ್ಲಿ ಅವುಗಳ ರಕ್ತದ ಪ್ರೋಟೀನುಗಳನ್ನು ಪರೀಕ್ಷಿಸಿದವರಿಗೆ ಒಂದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಗಾಯ ಅಂದರೆ ಹೀಗಿರುತ್ತದೆ. ಜಗತ್ತೆಲ್ಲ ಮುಳುಗಿ ಜೋಡಿ ಜೋಡಿಯಾಗಿ ಉಳಿದಿದ್ದರೆ ನರಿ, ಮೊಲ, ಕಾಡುಕೋಣ, ಇಲಿ ಎಲ್ಲದರಲ್ಲೂ ಒಂದೇ ಕಾಲದ ಒಂದೇ ಗಾಯ ಇರಬೇಕಿತ್ತು. ಶುದ್ಧ ಪ್ರಾಣಿಗಳಿಗೆ ಏಳರ ಲೆಕ್ಕ ಎಂಬ ರಿಯಾಯಿತಿಯೂ ಬೈಬಲಿನಲ್ಲಿದೆ, ಆದರೂ ಗಾಯ ತಪ್ಪುತ್ತಿರಲಿಲ್ಲ.

ಇನ್ನೊಂದು ಮಾತು ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ: ತಾಯಿಯಿಂದ ಬರುವ ಮೈಟೊಕಾಂಡ್ರಿಯದಲ್ಲಿ ಎಂ, ಎನ್, ಆರ್ ಅಂತ ಮೂರು ದೊಡ್ಡ ಕವಲುಗಳಿವೆ, ಅವೇ ನೋಹನ ಮೂವರು ಸೊಸೆಯರು ಎಂದು. ಕೇಳಲು ಚಂದ. ಆದರೆ ಆರ್ ಹುಟ್ಟಿದ್ದು ಎನ್‌ನಿಂದ. ಎಂ ಮತ್ತು ಎನ್ ಎರಡೂ ಆಫ್ರಿಕದ ಎಲ್3 ಎಂಬ ಕವಲಿನ ಚಿಗುರು. ಆಫ್ರಿಕದಲ್ಲಿ ಅದಕ್ಕಿಂತ ಹಳೆಯ ಕವಲುಗಳು ಎಷ್ಟೋ ಇವೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಂ ಕವಲಿನವರು. ಹಾಗೆಂದು ಯಾವ ಸೊಸೆಯೂ ನಮ್ಮ ಪಾಲಿಗೆ ಬಂದಂತಾಗಲಿಲ್ಲ. ಇದರ ಎದುರು ಪಕ್ಷದವರೂ ಸಾಚಾ ಅಲ್ಲ. 1987ರಲ್ಲಿ ಕ್ಯಾನ್, ಸ್ಟೋನ್‌ಕಿಂಗ್, ವಿಲ್ಸನ್ ಮೂವರು ಸುಮಾರು 2 ಲಕ್ಷ ವರ್ಷ ಹಿಂದಿನ ಒಬ್ಬಳು ತಾಯಿಯ ಕಡೆಗೆ ಬೊಟ್ಟು ಮಾಡಿದಾಗ ಪತ್ರಿಕೆಗಳು ಅವಳನ್ನು ಈವ್ ಎಂದು ಕುಣಿದಾಡಿದವು. ಆ ಕಾಲದಲ್ಲಿ ಅವಳೊಬ್ಬಳೇ ಹೆಂಗಸು ಇದ್ದಳು ಎಂದಲ್ಲ. ಜೊತೆಗೆ ಸಾವಿರಾರು ಮಂದಿ ಇದ್ದರು. ಅವರ ಹೆಣ್ಣು ಸಂತಾನದ ಎಳೆಗಳು ನಡುವೆ ಎಲ್ಲೋ ಮುಗಿದವು, ಅಷ್ಟೆ.

ಅಷರ್ ಹೇಳಿದ ವರ್ಷದಲ್ಲಿ ಸಿಂಧೂ ಕಣಿವೆಯ ನಗರಗಳು ಭರ್ಜರಿಯಾಗಿ ನಡೆಯುತ್ತಿದ್ದವು. ರಾಖಿಗಢಿಯಲ್ಲಿ ಆಚೀಚೆ ಅದೇ ಕಾಲದಲ್ಲಿ ಹೂಳಲ್ಪಟ್ಟ ಒಬ್ಬ ಹೆಂಗಸಿನ ಡಿಎನ್‌ಎ 2019ರಲ್ಲಿ ಪ್ರಕಟವಾಯಿತು. ಅವಳ ಪೂರ್ವಿಕರ ಮಿಶ್ರಣವೇ ಇಂದಿನ ಭಾರತೀಯರಲ್ಲಿ ಅತಿ ದೊಡ್ಡ ಪಾಲು. ನೀರು ಬಂದು ಅವರನ್ನೆಲ್ಲ ಅಳಿಸಿ, ಅರಾರಾಟ್ ಸೀಮೆಯಿಂದ ಹೊಸಬರು ಬಂದು ತುಂಬಿದ್ದರೆ ಅದು ಆಗುತ್ತಿರಲಿಲ್ಲ. ಇದನ್ನು ಯಾರು ಕೇಳಿದರೂ ಕಡ್ಡಿ ಮುರಿದಂತೆ ಹೇಳು. ಎದುರಿಗಿರುವವರು ಬೇಜಾರಾಗುತ್ತಾರೆ ಅಂತ ಲೆಕ್ಕವನ್ನು ಮೆತ್ತಗೆ ಮಾಡಬೇಡ.

ಆದರೆ ಕೇಳಿದರೆ ಹೇಳು. ಹೇಳುವ ಮುಂಚೆ ನಮ್ಮ ದೋಣಿಯನ್ನೂ ಅದೇ ಅಳತೆಗೋಲಿನಲ್ಲಿ ಅಳೆದಿರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಕಂಡಿತು ಅನ್ನುವ ಹಾಗಾಗಬಾರದು.

ಶತಪಥ ಬ್ರಾಹ್ಮಣದಲ್ಲಿ ಮನು ಒಬ್ಬನೇ ಉಳಿಯುತ್ತಾನೆ. ನೀರಿಗೆ ತುಪ್ಪ, ಮೊಸರು ಆಹುತಿ ಕೊಟ್ಟು ಅದರಿಂದ ಇಡಾ ಎಂಬ ಮಗಳನ್ನು ಪಡೆದು, ಅವಳ ಮೂಲಕ ಮನುಕುಲ ಬೆಳೆಸುತ್ತಾನೆ. ಮಹಾಭಾರತದ ಅರಣ್ಯಪರ್ವದಲ್ಲಿ ಮಾರ್ಕಂಡೇಯ ಧರ್ಮರಾಯನಿಗೆ ಇದೇ ಕಥೆ ಹೇಳುವಾಗ ದೋಣಿಯಲ್ಲಿ ಮನುವಿನ ಜೊತೆ ಸಪ್ತರ್ಷಿಗಳು. ಎಣಿಸು, ಇಲ್ಲೂ ಎಂಟೇ. ಆದರೆ ಎಂಟೂ ಗಂಡಸರು! ಮನು ತಪಸ್ಸು ಮಾಡಿ ಮತ್ತೆ ಸೃಷ್ಟಿ ನಡೆಸುತ್ತಾನೆ. ಭಾಗವತದ ಅಷ್ಟಮ ಸ್ಕಂಧಕ್ಕೆ ಬಂದರೆ ದ್ರವಿಡ ದೇಶದ ರಾಜ ಸತ್ಯವ್ರತ ಕೃತಮಾಲಾ ನದಿಯಲ್ಲಿ ತರ್ಪಣ ಬಿಡುವಾಗ ಬೊಗಸೆಗೆ ಮೀನು ಬರುತ್ತದೆ. ಆ ನದಿ ಮಧುರೆಯ ವೈಗೈ ಅನ್ನುವವರಿದ್ದಾರೆ. ದೋಣಿಗೆ ಬೀಜಗಳನ್ನು ತುಂಬಿಕೊಳ್ಳುವುದು, ವಾಸುಕಿಯನ್ನು ಹಗ್ಗ ಮಾಡಿ ಮೀನಿನ ಕೊಂಬಿಗೆ ಕಟ್ಟುವುದು, ಎಲ್ಲ ಇದೆ. ಇದು ಕಲ್ಪಾಂತ್ಯದ ಪ್ರಳಯ. ಕಾಲದ ಅಳತೆ ಕೋಟಿಗಳಲ್ಲಿ. ಈ ಕಥೆಗಳಿಗೆ ರೈಟ್‌ನ ಸೂತ್ರ ತಾಗುವುದೇ ಇಲ್ಲ. ಅವು ತಾವಾಗಿಯೇ ಹೊಸ ಸೃಷ್ಟಿಗೆ ದಾರಿ ಬಿಟ್ಟುಕೊಂಡಿವೆ, ಇಸವಿ ಹೇಳುವುದಿಲ್ಲ. ಕುರಾನಿನಲ್ಲಿ ನೂಹ್‌ರ ಹಡಗು ಜೂದಿ ಬೆಟ್ಟಕ್ಕೆ ತಾಗುತ್ತದೆ. ಹತ್ತಿದವರು ಕೆಲವೇ ಮಂದಿ ಎನ್ನುತ್ತದೆಯೇ ಹೊರತು ಎಷ್ಟು ಎಂದಿಲ್ಲ, ನೀರು ಬಂದದ್ದು ನೂಹ್‌ರ ಜನಾಂಗದ ಮೇಲೆ ಮಾತ್ರ ಎಂದು ಓದುವ ಪಂಡಿತರೂ ಇದ್ದಾರೆ. ಹಾಗಾಗಿ ಲೆಕ್ಕಕ್ಕೆ ಸಿಕ್ಕಿಬಿದ್ದದ್ದು ಬೈಬಲಿನ ಕಥೆ. ಅದು ಸಿಕ್ಕಿಬಿದ್ದದ್ದು ಹೆಸರು, ವಯಸ್ಸು, ಮೊಳ, ತಲೆಯೆಣಿಕೆ ಎಲ್ಲವನ್ನೂ ಪ್ರಾಮಾಣಿಕವಾಗಿ ಕೊಟ್ಟಿದ್ದರಿಂದ. ಅದು ಆ ಕಥೆಯ ದಡ್ಡತನ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮದು ಪಾರಾಯಿತು ಅಂದರೆ ನಮ್ಮದು ವಿಜ್ಞಾನ ಎಂದೂ ಅಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿನಲ್ಲೇ ನಿನ್ನ ದೊಡ್ಡಪ್ಪನಿಂದ ತಿಂಗಳಿಗೊಂದು ಬರುತ್ತದೆ: ಮತ್ಸ್ಯಾವತಾರವೇ ವಿಕಾಸವಾದ, ಗೋತ್ರವೇ ವೈ ಕ್ರೋಮೋಸೋಮು. ಕೆಂಟಕಿಯಲ್ಲಿ ಬಾಯಿ ಬಿಟ್ಟ ನೀನು ಇಲ್ಲಿ ಕೈ ಮುಗಿಯುವ ಚಿತ್ರ ಒತ್ತಿ ಸುಮ್ಮನಾದೆ. ನಾನು ನೋಡಿದ್ದೇನೆ. ಪುರೋಹಿತನ ಗೋತ್ರವನ್ನೇ ಯಜಮಾನ ಹೇಳಿಕೊಳ್ಳಬಹುದು, ದತ್ತು ಬಂದವನಿಗೆ ದತ್ತು ಪಡೆದವನ ಗೋತ್ರ ಬರುತ್ತದೆ ಎಂದು ಶಾಸ್ತ್ರವೇ ಒಪ್ಪಿದ ಮೇಲೆ ಅದು ವೈ ಕ್ರೋಮೋಸೋಮು ಹೇಗಾದೀತು? ದೊಡ್ಡಪ್ಪನಿಗೆ ಅದನ್ನು ಹೇಳಲು ಆಗದವಳು ಪರರ ತಾಯಿಗೆ ಪಾಠ ಹೇಳಬಾರದು.

ಕಥೆ ಎಲ್ಲಿಂದ ಬಂತು ಅನ್ನುವುದು ಬೇರೆಯೇ ರುಚಿಯ ವಿಷಯ. ಅದನ್ನು ಆ ತಾಯಿಯ ಜೊತೆ ಮಾತಾಡಬಹುದಿತ್ತು. 1872ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಸ್ಮಿತ್, ನಿನೆವೆಯಿಂದ ಬಂದ ಮಣ್ಣಿನ ಹಲಗೆಯಲ್ಲಿ ನೋಹನಂಥದೇ ಕಥೆ ಓದಿದ: ದೋಣಿ, ಬೆಟ್ಟಕ್ಕೆ ತಾಗಿದ್ದು, ಹಕ್ಕಿ ಬಿಟ್ಟು ನೋಡಿದ್ದು. ಗಿಲ್ಗಮೇಶನ ಕಾವ್ಯದ ಹನ್ನೊಂದನೆಯ ಹಲಗೆ ಅದು. ಮುಂದೆ ಅಗೆದವರಿಗೆ ಊರ್, ಕಿಶ್, ಶುರುಪ್ಪಕ್ ಊರುಗಳಲ್ಲಿ ನೆರೆಯ ಕೆಸರಿನ ಪದರಗಳು ಸಿಕ್ಕವು, ಆದರೆ ಒಂದೊಂದು ಊರಿನದು ಒಂದೊಂದು ಕಾಲದ್ದು. ಯೂಫ್ರೆಟಿಸ್, ಟೈಗ್ರಿಸ್ ಉಕ್ಕಿದಾಗ ಸಪಾಟು ಬಯಲಿನಲ್ಲಿ ನಿಂತವನಿಗೆ ಲೋಕವೇ ಮುಳುಗಿದಂತೆ ಕಂಡಿರಬೇಕು. ನೇತ್ರಾವತಿಯ 1923ರ ನೆರೆಗೆ ನಮ್ಮ ಕಡೆಯ ಹಿರಿಯರು ತುಳುವಿನಲ್ಲಿ ಇಟ್ಟ ಹೆಸರು ಮಾರಿಬೊಳ್ಳ. ಪಾಣೆಮಂಗಳೂರು, ಬಂಟ್ವಾಳದ ಹಳಬರ ಬಾಯಲ್ಲಿ ಕೇಳಿದವರಿಗೆ ಆ ನೀರಿಗೆ ಆಚೆ ದಡ ಇತ್ತು ಎಂದೇ ಅನ್ನಿಸುತ್ತಿರಲಿಲ್ಲ.

ನಂಬುವವರೆಲ್ಲ ಈ ವಿಜ್ಞಾನಕ್ಕೆ ಶತ್ರು ಎಂದೂ ತಿಳಿಯಬೇಡ. ಬಟಾಣಿ ಎಣಿಸಿದ ಮೆಂಡೆಲ್ ಮಠದ ಸನ್ಯಾಸಿ. ದೊಬ್‌ಜಾನ್ಸ್‌ಕಿ ಆರ್ಥಡಾಕ್ಸ್ ಕ್ರೈಸ್ತ. ಮಾನವ ಜೀನೋಮ್ ಯೋಜನೆಯನ್ನು ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಇಂದಿಗೂ ಚರ್ಚಿಗೆ ಸೇರಿದ ಮನುಷ್ಯ, ವಿಕಾಸವನ್ನು ಪೂರ್ತಿ ಒಪ್ಪುವವರು. ನಾಸ್ತಿಕ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದು, ಜುಬ್ಬ ತೊಟ್ಟು, ಈ ದೇಶದ ಪ್ರಜೆಯೇ ಆಗಿಬಿಟ್ಟರು. ಇವರೆಲ್ಲ ಒಂದೇ ವಿಜ್ಞಾನಕ್ಕೆ ದುಡಿದವರು.

ಅಷ್ಟಕ್ಕೂ ಇಕ್ಕಟ್ಟಿನ ಗಣಿತ ನಿನಗೆ ಬೇಕಾಗುವುದು ಕೆಂಟಕಿಯಲ್ಲಲ್ಲ, ಇಲ್ಲಿ. ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಸೇರಿ 2009ರಲ್ಲಿ ತೋರಿಸಿದ್ದು ಇದು: ನಮ್ಮ ಜಾತಿ, ಬುಡಕಟ್ಟುಗಳಲ್ಲಿ ಎಷ್ಟೋ ಗುಂಪುಗಳು ಒಂದು ಕಾಲದಲ್ಲಿ ಕೆಲವೇ ಪೂರ್ವಿಕರಿಂದ ಬೆಳೆದು, ಆಮೇಲೆ ಹೊರಗೆ ಹೆಣ್ಣು ಕೊಡದೆ ತರದೆ ಉಳಿದಂಥವು. 2017ರ ಮುಂದಿನ ಅಧ್ಯಯನದಲ್ಲಿ 263 ಗುಂಪುಗಳ ಪೈಕಿ 81ರಲ್ಲಿ ಆ ಇಕ್ಕಟ್ಟಿನ ಗುರುತು, ಇದಕ್ಕೆ ಪಾಠಪುಸ್ತಕಗಳಲ್ಲಿ ಹೆಸರಾದ ಅಶ್ಕೆನಾಜಿ ಯಹೂದಿಗಳಿಗಿಂತ, ಫಿನ್ಲೆಂಡಿನವರಿಗಿಂತ ಗಾಢವಾಗಿತ್ತು. ಜನಸಂಖ್ಯೆ ಈಗ ಲಕ್ಷಗಟ್ಟಲೆ ಇರಬಹುದು. ಹಳೆಯ ಇಕ್ಕಟ್ಟು ಮೈಯಲ್ಲೇ ಇರುತ್ತದೆ.

ಆಂಧ್ರ, ತೆಲಂಗಾಣದ ವೈಶ್ಯರ ಉದಾಹರಣೆ ನಿನಗೆ ತರಗತಿಯಲ್ಲಿ ಬಂದಿರಬಹುದು. ಆ ಸಮುದಾಯದಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಡೆಗಿಂತ ಬಹಳ ಹೆಚ್ಚು. ದಿನನಿತ್ಯ ಅದರಿಂದ ಏನೂ ತೊಂದರೆಯಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಮಾತ್ರ, ಕೆಲವೇ ನಿಮಿಷದಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಇಳಿಯದೆ ಉಸಿರಾಟ ನಿಂತೇ ಇರುತ್ತದೆ. ಗೊತ್ತಿರುವ ಅರಿವಳಿಕೆ ವೈದ್ಯರು ಮೊದಲೇ ಮನೆತನದ ವಿಚಾರ ಕೇಳಿ ಮದ್ದು ಬದಲಿಸುತ್ತಾರೆ. ಜಾತಿ ಕೇಳುವುದು ಸಭ್ಯತೆಯಾಗುವ ಜಾಗ ನನಗೆ ಗೊತ್ತಿರುವಂತೆ ಅದೊಂದೇ. ಕರ್ನಾಟಕದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿ ಇರುವುದರಿಂದ ಹಳೆಯ ಇಕ್ಕಟ್ಟಿನ ಮೇಲೆ ಹೊಸದೊಂದು ಕೂರುತ್ತದೆ. ಇಲ್ಲಿ ನೀನು ಹೇಳುವ ಮಾತಿಗೆ ಒಬ್ಬಳು ತಾಯಿಯ ಮೌನವಲ್ಲ, ಮಗುವಿನ ರಕ್ತಪರೀಕ್ಷೆ ಉತ್ತರ ಕೊಡುತ್ತದೆ.

ಪಿಎಚ್.ಡಿ.ಗೆ ವಿಷಯ ಇನ್ನೂ ಆರಿಸಿಲ್ಲ ಅಂತ ನಿನ್ನ ಅಮ್ಮ ಹೇಳಿದಳು. 2017ರ ಆ ಪ್ರಬಂಧದ ಪಟ್ಟಿ ತೆಗೆದು ನೋಡು. ನಮ್ಮ ರಾಜ್ಯದ ಗುಂಪುಗಳು ಯಾವುವು, ಅವುಗಳಲ್ಲಿ ಯಾವುದರ ಕಾಯಿಲೆ ಯಾರೂ ಹುಡುಕಿಲ್ಲ ಎಂದು ಗುರುತು ಮಾಡು, ನಿನ್ನ ಗೈಡಿನ ಜೊತೆ ಮಾತಾಡು. ಡಿಸೆಂಬರಿನಲ್ಲಿ ಬರುವಾಗ ಆ ಗೆಳತಿಯನ್ನೂ ಅವಳ ತಾಯಿಯನ್ನೂ ಕರೆದು ತಾ. ಅವರಿಗೆ ಮತ್ಸ್ಯಾವತಾರದ ಕಥೆ ನಾನು ಹೇಳುತ್ತೇನೆ. ಸಪ್ತರ್ಷಿಗಳಲ್ಲಿ ಹೆಂಗಸರು ಯಾಕಿಲ್ಲ ಎಂದು ಅವರು ಕೇಳಿದರೆ ಉತ್ತರ ನೀನು ಕೊಡು.